ಸೌದೆಗೆ ಎಂಥ ಚೈನ್‌ಸಾ ಬೇಕು? ಅಂಗಡಿಗೆ ಹೋಗುವ ಮೊದಲು ಸೌದೆ ಕೊಟ್ಟಿಗೆ ನೋಡಿ

ನಾನು ಮೊದಲ ಚೈನ್‌ಸಾ ತಗೊಂಡಾಗ ನೋಡಿದ್ದು ಎರಡೇ. ಡಬ್ಬದ ಮೇಲೆ ಎಷ್ಟು ಸಿಸಿ ಅಂತ ಬರೆದಿದೆ, ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ) ಎಷ್ಟು ಉದ್ದ ಇದೆ. 58 ಸಿಸಿ, 22 ಇಂಚು ಬಾರ್, ಬೆಲೆ ನೋಡಿದರೆ ಹೆಸರಿರುವ ಕಂಪನಿಯ ಪುಟ್ಟ ಮೆಷಿನ್‌ನ ಅರ್ಧವೂ ಇಲ್ಲ. ಯಾರನ್ನೂ ಕೇಳದೆ ದುಡ್ಡು ಕೊಟ್ಟು ತಂದೆ. ಹಸಿ ಅಕೇಶಿಯಾ ಕೊಯ್ಯುವಾಗ ಪರವಾಗಿಲ್ಲ ಅನ್ನಿಸಿತ್ತು. ಆಮೇಲೆ ಗಾಳಿಗೆ ಬಿದ್ದು ಎರಡು ವರ್ಷ ಒಣಗಿದ್ದ ಹಲಸಿನ ಕುಂಟೆಗೆ (ದಿಮ್ಮಿಗೆ) ಹಚ್ಚಿದೆ ನೋಡಿ, ಬಾರ್ ಅರ್ಧ ಇಳಿಯುವಷ್ಟರಲ್ಲಿ ಎಂಜಿನ್ ಮುಲುಗಲು ಶುರು, ಸ್ವಲ್ಪ ಒತ್ತಿದರೆ ಚೈನ್ ನಿಂತೇ ಹೋಗುತ್ತಿತ್ತು, ಇನ್ನೂ ಒತ್ತಿದರೆ ಬರೀ ಹೊಗೆ. ಎರಡನೇ ಮಳೆಗಾಲದ ಹೊತ್ತಿಗೆ ಆಯಿಲ್ ಪಂಪ್ ಕೆಟ್ಟಿತು. ಕೊಟ್ಟ ಅಂಗಡಿಯವರು "ಅದರ ಪಾರ್ಟ್ಸ್ ಬರಲ್ಲ ಸರ್, ಹೊಸದೇ ತಗೊಳ್ಳಿ" ಅಂದರು. ಈಗ ಅದು ಅಟ್ಟದ ಮೇಲಿದೆ.

ಈಗ ನಾನು ಬಳಸುವುದು 45 ಸಿಸಿಯದು, ಬಾರ್ 16 ಇಂಚು. ಡಬ್ಬದ ಲೆಕ್ಕದಲ್ಲಿ ಮೊದಲಿನದಕ್ಕಿಂತ ಚಿಕ್ಕದು. ಅದೇ ಹಲಸು, ಮತ್ತಿ ಮರ, ಕೆಲಸ ಬೇಗ ಮುಗಿಯುತ್ತದೆ. ಹೀಗಾಗಿ ಮಲೆನಾಡಿನ ಕಡೆ ಬಚ್ಚಲ ಒಲೆಗೆ, ಅಡಿಕೆ ಬೇಯಿಸಲಿಕ್ಕೆ ಸೌದೆ ಮಾಡಿಕೊಳ್ಳುವವರು, ತೋಟದಲ್ಲಿ ನಾಲ್ಕಾರು ಸಿಲ್ವರ್ ಓಕ್ ಕಡಿಸುವವರು ಯಾರಾದರೂ ಮೆಷಿನ್ ತಗೊಳ್ಳುತ್ತೇನೆ ಅಂದರೆ ನಾನು ಹೇಳುವ ಕ್ರಮ ಇದು.

ಮೊದಲು ಟೇಪು ಹಿಡಿಯಿರಿ

ಅಂಗಡಿಯಲ್ಲಿ "ಎಷ್ಟು ದೊಡ್ಡ ಮರ ಕೊಯ್ತೀರಿ" ಅಂತ ಕೇಳಿದರೆ ಎಲ್ಲರೂ ಎರಡೂ ಕೈ ಅಗಲ ಮಾಡಿ ತೋರಿಸುತ್ತಾರೆ. ನಮ್ಮ ತಲೆಯಲ್ಲಿ ಇರುವುದು ಹತ್ತು ವರ್ಷಕ್ಕೆ ಒಮ್ಮೆ ಬೀಳುವ ಆ ದೊಡ್ಡ ಮಾವಿನ ಮರ. ಆದರೆ ಕೊಟ್ಟಿಗೆಯಲ್ಲಿ ಪೇರಿಸಿರುವ ಸೌದೆ ನೋಡಿದರೆ ಬೇರೆ ಕಥೆ ಕಾಣುತ್ತದೆ. ನಮ್ಮ ಮನೆಯಲ್ಲಿ ಹತ್ತರಲ್ಲಿ ಎಂಟು ಪಾಲು ಅಕೇಶಿಯಾ, ನೆರಳು ಬಿಡಿಸುವಾಗ ಇಳಿಸಿದ ಕೊಂಬೆಗಳು, ಸಿಲ್ವರ್ ಓಕ್ ತುದಿ, ಇಂಥವೇ. ತೊಡೆಗಿಂತ ದಪ್ಪದ್ದು ಅಪರೂಪ.

ನಿಂತ ಮರವಾದರೆ ಎದೆ ಎತ್ತರದಲ್ಲಿ ಸುತ್ತಳತೆ ಹಿಡಿದು 3.14ರಿಂದ ಭಾಗಿಸಿ. ಸುತ್ತಳತೆ 36 ಇಂಚು ಅಂದರೆ ದಪ್ಪ ಹನ್ನೊಂದೂವರೆ ಇಂಚಿನ ಹತ್ತಿರ. ಕಣ್ಣಳತೆಯಲ್ಲಿ ಇದನ್ನೇ ನಾವು ಒಂದೂವರೆ ಅಡಿ ಅಂದುಬಿಡುತ್ತೇವೆ. ಹತ್ತು ಹನ್ನೆರಡು ಕಡೆ ಅಳೆದು ಒಂದು ಚೀಟಿಯಲ್ಲಿ ಬರೆಯಿರಿ, ಜೊತೆಗೆ ಮರದ ಜಾತಿ, ಹಸಿಯಲ್ಲೇ ಕೊಯ್ಯುತ್ತೀರೋ ಒಣಗಿದ ಮೇಲೋ, ವರ್ಷಕ್ಕೆ ಎಷ್ಟು ದಿನ ಕೆಲಸ ಅಂತಲೂ ಬರೆಯಿರಿ. ಬಚ್ಚಲ ಹಂಡೆಗೆ ಮಾತ್ರ ಅಂದರೆ ವರ್ಷಕ್ಕೆ ನಾಲ್ಕೈದು ದಿನ. ಅಡಿಕೆ ಬೇಯಿಸುವ ಮನೆಗೆ ಅದರ ಎರಡು ಮೂರು ಪಟ್ಟು. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಸಾಲು ತೆಗೆಸುವವರಿಗೆ ತಿಂಗಳುಗಟ್ಟಲೆ. ಈ ಮೂವರಿಗೂ ಒಂದೇ ಮೆಷಿನ್ ಆಗುವುದಿಲ್ಲ.

ಇನ್ನೊಂದು ವಿಷಯ ಚೀಟಿಯಲ್ಲಿ ಸೇರಿಸಿ. ಒಣಗಿ ಬಿದ್ದ ಅಡಿಕೆ ಮರ, ತೆಂಗಿನ ಮರ ಕೊಯ್ಯಬೇಕಾ? ಇವುಗಳ ನಾರು ಮೆಷಿನ್ ಕವರ್ ಒಳಗೆ ಸುತ್ತಿಕೊಂಡು ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಕಟ್ಟಿ ಹೋಗುತ್ತದೆ, ತೆಂಗು ಚೈನಿನ ಮೊನೆಯನ್ನೂ ಬೇಗ ತಿನ್ನುತ್ತದೆ. ಕೊಯ್ಯಬಾರದು ಅಂತಲ್ಲ, ಆದರೆ ಅದಕ್ಕೇ ಒಂದು ಹಳೇ ಚೈನ್ ಇಟ್ಟುಕೊಳ್ಳಿ.

ಕಾನೂನಿನ ಮಾತು, ಚಿಕ್ಕದಾಗಿ

ಮೆಷಿನ್ ನಮ್ಮದು, ಜಾಗ ನಮ್ಮದು ಅಂದ ಮಾತ್ರಕ್ಕೆ ಮರ ಕಡಿಯಲು ಆಗುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ಗಂಧ, ತೇಗ ಅಂದರೆ ಬೇರೆಯೇ ಲೆಕ್ಕ, ಅದರ ಹತ್ತಿರ ಮೆಷಿನ್ ತಗೊಂಡು ಹೋಗುವ ಮೊದಲು ರೇಂಜ್ ಆಫೀಸಿಗೆ ಹೋಗಿ. ಕಡಿಯಲು ಪರವಾನಗಿ ಬೇಡ ಅಂದರೂ ಸಾಗಿಸಲು ಪಾಸ್ ಬೇಕಾ ಅಂತ ಕೇಳಿಕೊಳ್ಳಿ, ಪಿಕಪ್‌ಗೆ ತುಂಬಿದ ಮೇಲೆ ಗೇಟಿನಲ್ಲಿ ನಿಂತು ಫೋನ್ ಮಾಡುವುದಕ್ಕಿಂತ ಅದು ಒಳ್ಳೆಯದು. ಕಾಡಿನ ದಾರಿಯಲ್ಲಿ ಸುಮ್ನೆ ಚೈನ್‌ಸಾ ಇಟ್ಟುಕೊಂಡು ಓಡಾಡಲೂ ಹೋಗಬೇಡಿ.

ಕರೆಂಟಾ, ಬ್ಯಾಟರಿಯಾ, ಪೆಟ್ರೋಲಾ?

ಹೆಚ್ಚಿನವರು ಕರೆಂಟಿನದನ್ನು ಯೋಚನೆಯೇ ಮಾಡದೆ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಅಂಗಳಕ್ಕೆ ಕುಂಟೆ ತಂದು ಹಾಕಿಸಿಕೊಂಡು ಒಲೆ ಅಳತೆಗೆ ತುಂಡು ಮಾಡುವುದಷ್ಟೇ ಕೆಲಸ ಅಂದರೆ 16 ಇಂಚಿನ, 2000 ವ್ಯಾಟ್ ಆಸುಪಾಸಿನ ಕರೆಂಟ್ ಚೈನ್‌ಸಾ ಸಾಕು. ಹೊಗೆ ಇಲ್ಲ, ಸ್ಟಾರ್ಟ್ ಮಾಡಲು ಹಗ್ಗ ಎಳೆಯಬೇಕಿಲ್ಲ, ಆರು ತಿಂಗಳು ಸುಮ್ನೆ ಇಟ್ಟರೂ ಕಾರ್ಬುರೇಟರ್ ಕಟ್ಟಿಕೊಳ್ಳುವ ಚಿಂತೆ ಇಲ್ಲ. ತೊಂದರೆ ಎರಡು. ಒಂದು, ನಮ್ಮೂರಿನ ಓಲ್ಟೇಜು. ಸಂಜೆ ಹೊತ್ತು ಬಲ್ಬು ಮಂಕಾಗುವ ಮನೆಯಲ್ಲಿ ಇದನ್ನು ಓಡಿಸಿದರೆ ಮೋಟರ್ ಸುಟ್ಟು ಹೋಗುತ್ತದೆ. ಇನ್ನೊಂದು, ವೈರು. ಮಿಕ್ಸಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ಬೇಡವೇ ಬೇಡ, 2.5 ಚದರ ಮಿಲಿಮೀಟರಿನ ವೈರು, 15 ಆಂಪಿಯರ್ ಪ್ಲಗ್ ಬೇಕು. ಮಳೆಯಲ್ಲಿ, ಒದ್ದೆ ನೆಲದಲ್ಲಿ ಮುಟ್ಟಲೇಬಾರದು.

ಬ್ಯಾಟರಿಯಲ್ಲಿ ಈಗ ಕೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್‌ಗಳು ಬಂದಿವೆ, ಆರು ಎಂಟು ಇಂಚಿನವು. ಕಾಫಿ ಗಿಡ ಸವರಲಿಕ್ಕೆ, ಮೆಣಸು ಹಬ್ಬಿಸಿದ ಮರದ ಸಣ್ಣ ಗೆಲ್ಲು ತೆಗೆಯಲಿಕ್ಕೆ ಚೆನ್ನಾಗಿವೆ. ಸೌದೆಗೆ ಅಲ್ಲ. ದೊಡ್ಡ ಬ್ಯಾಟರಿ ಚೈನ್‌ಸಾ ಒಳ್ಳೆಯವೂ ಇವೆ, ಆದರೆ ಎರಡು ಬ್ಯಾಟರಿ, ಚಾರ್ಜರ್ ಸೇರಿಸಿ ಲೆಕ್ಕ ಹಾಕಿದರೆ ಪೆಟ್ರೋಲಿನದಕ್ಕಿಂತ ದುಬಾರಿ ಬೀಳುತ್ತದೆ, ಗುಡ್ಡದ ಮೇಲೆ ಚಾರ್ಜ್ ಮುಗಿದರೆ ಮನೆಗೆ ವಾಪಸ್.

ತೋಟದ ಒಳಗೆ, ಗುಡ್ಡದಲ್ಲಿ ಕೆಲಸ ಅಂದರೆ ಪೆಟ್ರೋಲೇ. ಮುಂದೆ ಹೇಳುವುದೆಲ್ಲ ಅದರ ಬಗ್ಗೆ.

ಸಿಸಿ ಬಿಟ್ಟು ಕಿಲೋವ್ಯಾಟ್ ಕೇಳಿ

ಸಿಸಿ ಅನ್ನುವುದು ಎಂಜಿನ್ನಿನ ಹೊಟ್ಟೆ ಎಷ್ಟು ದೊಡ್ಡದು ಅಂತ ಹೇಳುತ್ತದೆ, ಎಷ್ಟು ಕೆಲಸ ಮಾಡುತ್ತದೆ ಅಂತ ಅಲ್ಲ. ಅದಕ್ಕೆ ಕಿಲೋವ್ಯಾಟ್ ನೋಡಬೇಕು. ಡಬ್ಬದ ಮೇಲೆ ಕಿಲೋವ್ಯಾಟ್ ಬರೆದಿಲ್ಲ, ಸಿಸಿ ಮಾತ್ರ ದಪ್ಪಕ್ಷರದಲ್ಲಿ ಇದೆ ಅಂದರೆ ನನಗೆ ಅಲ್ಲೇ ಅನುಮಾನ ಬರುತ್ತದೆ.

ಒಂದು ಅಂದಾಜಿಗೆ ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಸ್ಟಿಲ್ ಕಂಪನಿಯ ಮೂರು ಮಾಡೆಲ್ ತಗೊಳ್ಳಿ. ಇದೇ ತಗೊಳ್ಳಿ ಅಂತಲ್ಲ, ಹಸ್ಕ್‌ವಾರ್ನಾ ಕಂಪನಿಯಲ್ಲೂ ಇಂಥದೇ ಮೆಟ್ಟಿಲುಗಳಿವೆ. ಎಂಎಸ್ 180 ಅನ್ನುವುದು 31.8 ಸಿಸಿ, ಸುಮಾರು ಒಂದೂವರೆ ಕಿಲೋವ್ಯಾಟ್, ಬಾರ್ ಚೈನ್ ಬಿಟ್ಟು ನಾಲ್ಕು ಕೆಜಿ ಆಸುಪಾಸು. ಎಂಎಸ್ 250 ಅಂದರೆ 45.4 ಸಿಸಿ, 2.3 ಕಿಲೋವ್ಯಾಟ್, ನಾಲ್ಕೂವರೆ ಕೆಜಿ ದಾಟುತ್ತದೆ. ಎಂಎಸ್ 382 ಅಂದರೆ 72.2 ಸಿಸಿ, 3.9 ಕಿಲೋವ್ಯಾಟ್, ಆರು ಕೆಜಿ ಮೇಲೆ. ಈ ಮೂರನೆಯದಕ್ಕೆ ಬಾರ್, ಚೈನ್, ಪೆಟ್ರೋಲ್, ಆಯಿಲ್ ಎಲ್ಲ ಸೇರಿಸಿ ಇಳಿಜಾರಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹಿಡಿದು ನೋಡಿ, ಸಂಜೆ ಊಟದ ತಟ್ಟೆ ಎತ್ತಲು ಕೈ ಬರುವುದಿಲ್ಲ. ಸುಸ್ತಾದ ಕೈಯಲ್ಲೇ ಅವಘಡ ಆಗುವುದು.

ನಿಮ್ಮ ಚೀಟಿಯಲ್ಲಿ ಹೆಚ್ಚಿನವು ಹತ್ತು ಇಂಚಿನ ಒಳಗೆ ಇದ್ದು, ವರ್ಷಕ್ಕೆ ಒಂದು ವಾರದ ಕೆಲಸ ಅಂದರೆ 30ರಿಂದ 35 ಸಿಸಿ, 14 ಅಥವಾ 16 ಇಂಚು ಬಾರ್. ಅಡಿಕೆ ಬೇಯಿಸುವ ಮನೆ, ಒಂದು ಅಡಿ ದಪ್ಪದ ಒಣ ಗಟ್ಟಿ ಮರವೂ ಆಗಾಗ ಬರುತ್ತದೆ, ನಾಲ್ಕಾರು ಸಿಲ್ವರ್ ಓಕ್ ನೀವೇ ಉರುಳಿಸುತ್ತೀರಿ ಅಂದರೆ 45ರಿಂದ 50 ಸಿಸಿ, 16 ಅಥವಾ 18 ಇಂಚು. ದಿನಾ ನಾಟಾ ಕೊಯ್ಯುವ ಕಸುಬಿನವರಿಗೆ ಮಾತ್ರ 60 ಸಿಸಿ ದಾಟಿದ್ದು.

ಬಾರ್ ಉದ್ದದ ಹುಚ್ಚು ಬಿಡಿ. ನೀವು ಸಾಮಾನ್ಯವಾಗಿ ಕೊಯ್ಯುವ ದಪ್ಪಕ್ಕಿಂತ ಎರಡು ಇಂಚು ಉದ್ದ ಇದ್ದರೆ ಸಾಕು. ಅಪರೂಪಕ್ಕೆ ದಪ್ಪ ಕುಂಟೆ ಬಂದರೆ ಎರಡೂ ಕಡೆಯಿಂದ ಕೊಯ್ದುಕೊಳ್ಳಬಹುದು. ಉದ್ದ ಬಾರ್ ಅಂದರೆ ಒಂದೇ ಸಲಕ್ಕೆ ಮರದೊಳಗೆ ಹೆಚ್ಚು ಹಲ್ಲು, ಎಂಜಿನ್ ಮೇಲೆ ಹೆಚ್ಚು ಭಾರ, ಅರ ಹಾಕಲು ಹೆಚ್ಚು ಹೊತ್ತು, ತುದಿ ಎಲ್ಲಿದೆ ಅಂತ ಕಾಣದೆ ನೆಲಕ್ಕೋ ಪಕ್ಕದ ಕೊಂಬೆಗೋ ತಾಗುವ ಅಪಾಯ ಬೇರೆ. ನನ್ನ 22 ಇಂಚಿನ ಮಹಾರಾಯ ಮುಲುಗುತ್ತಿದ್ದದ್ದು ಇದಕ್ಕೇ, ಆ ಎಂಜಿನ್ನಿಗೆ 16 ಇಂಚಿನ ಬಾರ್ ಹಾಕಿದ್ದರೆ ಇನ್ನೂ ನಾಲ್ಕು ವರ್ಷ ಬಾಳುತ್ತಿತ್ತೋ ಏನೋ.

ಹಾಗಾದರೆ ಆ ದೊಡ್ಡ ಮಾವಿನ ಮರಕ್ಕೆ ಏನು ಮಾಡುವುದು? ಮೆಷಿನ್ ಇರುವವರನ್ನು ಕರೆಸಿ. ನಮ್ಮ ಕಡೆ ಪ್ರತಿ ಊರಲ್ಲೂ ದೊಡ್ಡ ಮೆಷಿನ್ ಇಟ್ಟುಕೊಂಡು ಗಂಟೆ ಲೆಕ್ಕದಲ್ಲೋ ದಿನದ ಲೆಕ್ಕದಲ್ಲೋ ಬರುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹತ್ತು ವರ್ಷಕ್ಕೊಮ್ಮೆಯ ಕೆಲಸಕ್ಕೆ ಹತ್ತು ವರ್ಷ ಭಾರ ಹೊರಬೇಡಿ.

ಚೈನು: ಅಸಲಿ ವಿಷಯ ಇಲ್ಲಿದೆ

ಮರ ಕೊಯ್ಯುವುದು ಎಂಜಿನ್ ಅಲ್ಲ, ಚೈನು. ಹರಿತ ಇರುವ ಚೈನ್ ಹಾಕಿದ 32 ಸಿಸಿ ಮೆಷಿನ್, ಮೊಂಡಾದ ಚೈನಿನ 60 ಸಿಸಿಗಿಂತ ಮುಂದೆ ಹೋಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗಿನ ಚೈನಿನ ಹಲ್ಲು ಹೀಗೆ ಎಡ ಬಲ ಬಾಗಿರುವುದಕ್ಕೆ ಒಂದು ಹುಳ ಕಾರಣ ಅಂದರೆ ನಂಬುತ್ತೀರಾ? 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಸೌದೆ ಮಾಡುತ್ತಿದ್ದಾಗ, ಮರ ಕೊರೆಯುವ ದುಂಬಿಯ ಮರಿ ಹಸಿ ಮರವನ್ನು ಅಡ್ಡಡ್ಡ, ಉದ್ದುದ್ದ ಹೇಗೆ ಬೇಕಾದರೂ ಸಲೀಸಾಗಿ ತಿನ್ನುವುದನ್ನು ನೋಡಿದ. ಅದರ ಬಾಯಿಯ ಎರಡು ಹಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆರೆಯುತ್ತಿದ್ದವು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಕಂಪನಿ ಶುರು ಮಾಡಿದ. ಅಲ್ಲಿಯವರೆಗೆ ಚೈನ್‌ಸಾಗೂ ಕೈಗರಗಸದಂಥ ನೇರ ಹಲ್ಲೇ ಇತ್ತು. ನಮ್ಮ ತೋಟದಲ್ಲಿ ಕೊರಕ ಹುಳ ಕಂಡರೆ ಬೈಯುತ್ತೇವೆ, ಅವನು ಪೇಟೆಂಟ್ ಮಾಡಿಸಿದ.

ತಗೊಳ್ಳುವಾಗ ಚೈನಿನ ಮೂರು ಅಳತೆ ಬರೆದುಕೊಳ್ಳಿ. ಪಿಚ್, ಗೇಜ್, ಡ್ರೈವ್ ಲಿಂಕ್ ಎಷ್ಟು. ಇವು ಹೆಚ್ಚಾಗಿ ಬಾರಿನ ಬುಡದಲ್ಲೇ ಕೆತ್ತಿರುತ್ತವೆ. ಪಿಚ್ ಅಂದರೆ ಕೊಂಡಿಗಳ ನಡುವಿನ ಅಂತರ, ಇಂಚಿನ ಲೆಕ್ಕದಲ್ಲಿ ಚಿಕ್ಕ ಮೆಷಿನ್‌ಗೆ 3/8 ಲೋ ಪ್ರೊಫೈಲ್ (ಗಿಡ್ಡ ಹಲ್ಲಿನದು), ಮಧ್ಯಮದ್ದಕ್ಕೆ ಸಾಮಾನ್ಯವಾಗಿ .325, ದೊಡ್ಡದಕ್ಕೆ 3/8. ಗೇಜ್ ಅಂದರೆ ಬಾರಿನ ಅಂಚಿನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ, 1.3, 1.5, 1.6 ಮಿಲಿಮೀಟರ್ ಹೀಗೆ. ಡ್ರೈವ್ ಲಿಂಕ್ ಅಂದರೆ ಆ ಕೊಂಡಿಗಳ ಲೆಕ್ಕ, ಎಣಿಸಬೇಕು. "18 ಇಂಚಿನ ಚೈನ್ ಕೊಡಿ" ಅಂತ ಕೇಳಿ ತಂದರೆ ಹತ್ತರಲ್ಲಿ ಐದು ಸಲ ಕೂರುವುದಿಲ್ಲ. ಮೂರೂ ಅಳತೆ ಬರೆದ ಚೀಟಿಯನ್ನು ಪರ್ಸಿನಲ್ಲಿ ಇಡಿ, ಅಥವಾ ಫೋನಲ್ಲಿ ಫೋಟೋ ಹೊಡೆದುಕೊಳ್ಳಿ.

ಹಲ್ಲಿನಲ್ಲೂ ಎರಡು ಬಗೆ. ಮೂಲೆ ಚೂಪಾಗಿರುವುದು ಬೇಗ ಕೊಯ್ಯುತ್ತದೆ, ಆದರೆ ಮಣ್ಣು ತಾಗಿದರೆ ಅಲ್ಲೇ ಸತ್ತಂತೆ. ಮೂಲೆ ಸ್ವಲ್ಪ ದುಂಡಗಿರುವುದನ್ನು ಸೆಮಿ ಚಿಸೆಲ್ ಅನ್ನುತ್ತಾರೆ, ಸ್ವಲ್ಪ ನಿಧಾನ, ಹರಿತ ಜಾಸ್ತಿ ಹೊತ್ತು ನಿಲ್ಲುತ್ತದೆ. ನಮ್ಮ ಸೌದೆ ಅಂದರೆ ನೆಲದಲ್ಲಿ ಎಳೆದು ತಂದದ್ದು, ತೊಗಟೆಯ ಮೇಲೆ ಕೆಮ್ಮಣ್ಣು, ಗೆದ್ದಲು ಕಟ್ಟಿದ ಮಣ್ಣು. ಯೋಚನೆ ಮಾಡದೆ ಸೆಮಿ ಚಿಸೆಲ್ ತಗೊಳ್ಳಿ. ಮೆಷಿನ್ ಜೊತೆಗೇ ಇನ್ನೆರಡು ಚೈನ್ ತಗೊಂಡು ಮೂರನ್ನೂ ಸರದಿಯಲ್ಲಿ ಬಳಸಿ, ಸ್ಪ್ರಾಕೆಟ್ ಸಮನಾಗಿ ಸವೆಯುತ್ತದೆ.

ಅರ ಹಾಕುವುದನ್ನು ಕಲಿಯದೆ ಮೆಷಿನ್ ತರಬೇಡಿ. 3/8 ಲೋ ಪ್ರೊಫೈಲ್‌ಗೆ 4 ಮಿಲಿಮೀಟರ್ ದುಂಡು ಅರ, .325ಕ್ಕೆ 4.8, ದೊಡ್ಡ 3/8ಕ್ಕೆ 5.2 ಅಥವಾ 5.5. ಹೆಚ್ಚಿನ ಚೈನಿಗೆ ಕೋನ 30 ಡಿಗ್ರಿ, ಹಲ್ಲಿನ ಮೇಲೇ ಗೆರೆ ಹಾಕಿರುತ್ತಾರೆ. ಒಳಗಿನಿಂದ ಹೊರಕ್ಕೆ, ತಳ್ಳುವಾಗ ಮಾತ್ರ ಒತ್ತಿ, ವಾಪಸ್ ಎಳೆಯುವಾಗ ಎತ್ತಿ. ಪ್ರತಿ ಹಲ್ಲಿಗೂ ಒಂದೇ ಲೆಕ್ಕ, ಮೂರು ಅಂದರೆ ಎಲ್ಲಕ್ಕೂ ಮೂರೇ. ಒಂದು ಕಡೆಯ ಹಲ್ಲು ಗಿಡ್ಡ, ಇನ್ನೊಂದು ಕಡೆಯದು ಉದ್ದ ಆಯಿತು ಅಂದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿನ ಗುಬ್ಬಿಯನ್ನೂ (ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯುವ ಸಣ್ಣ ಉಬ್ಬು) ಚಪ್ಪಟೆ ಅರದಲ್ಲಿ ಇಳಿಸಬೇಕು, ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗೆ, ಅದಕ್ಕೊಂದು ತಗಡಿನ ಗೇಜ್ ಸಿಗುತ್ತದೆ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ "ಎಷ್ಟು ಅರ ಹಾಕಿದರೂ ಕೊಯ್ಯಲ್ಲ" ಅನ್ನುತ್ತಾರೆ. ಕಣ್ಣುಮುಚ್ಚಿ ಜಾಸ್ತಿ ಇಳಿಸಿದರೂ ಕಷ್ಟ, ಮೆಷಿನ್ ಕಚ್ಚಿ ಜಗ್ಗುತ್ತದೆ.

ಹರಿತ ಇದೆಯಾ ಅಂತ ತಿಳಿಯಲು ಬೆರಳು ಇಡಬೇಕಿಲ್ಲ, ಕೆಳಗೆ ಬೀಳುವುದನ್ನು ನೋಡಿ. ಚಕ್ಕೆ ಚಕ್ಕೆ ಬಿದ್ದರೆ ಸರಿ. ರವೆಯಂತೆ, ಹಿಟ್ಟಿನಂತೆ ಬಿದ್ದರೆ ನಿಲ್ಲಿಸಿ ಅರ ಹಾಕಿ.

ಅಂಗಡಿಯಲ್ಲಿ ಏನು ನೋಡಬೇಕು

ಅಂಗಡಿ ಆಯ್ಕೆ ಮಾಡುವುದೇ ಅರ್ಧ ಕೆಲಸ. ನಿಮ್ಮ ಮನೆಯಿಂದ ಒಂದು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ರಿಪೇರಿ ಇರಬೇಕು. ಒಳಗೆ ಹೋಗಿ "ಈ ಮಾಡೆಲ್‌ನ ಸ್ಟಾರ್ಟರ್ ಸ್ಪ್ರಿಂಗ್ ಇದೆಯಾ, ಕ್ಲಚ್ ಇದೆಯಾ, ಕಾರ್ಬುರೇಟರ್ ಡಯಾಫ್ರಾಮ್ ಕಿಟ್ ಇದೆಯಾ" ಅಂತ ಕೇಳಿ. ಎದ್ದು ಹೋಗಿ ತಂದು ತೋರಿಸಿದರೆ ಒಳ್ಳೆಯ ಅಂಗಡಿ. "ಎರಡು ದಿನದಲ್ಲಿ ತರಿಸ್ತೀವಿ" ಅಂದರೆ ಎರಡು ವಾರ ಅಂತ ತಿಳಿಯಿರಿ. ಆನ್‌ಲೈನ್‌ನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಅಂತ ತರಿಸಿದವರು ಕೊನೆಗೆ ಇದೇ ಅಂಗಡಿಯ ಬಾಗಿಲಿಗೆ ಬರುತ್ತಾರೆ, ಆಗ ಅವರ ಮುಖ ನೋಡಬೇಕು.

ಮೆಷಿನ್ ಕೈಗೆ ತಗೊಂಡಾಗ ಮೊದಲು ಚೈನ್ ಬ್ರೇಕ್ ನೋಡಿ. ಮುಂದಿನ ಹಿಡಿಯ ಎದುರಿಗಿರುವ ಪ್ಲಾಸ್ಟಿಕ್ ಗಾರ್ಡನ್ನು ಮುಂದಕ್ಕೆ ತಳ್ಳಿದರೆ ಟಕ್ ಅಂತ ಹಿಡಿಯಬೇಕು, ಚೈನ್ ಅಲುಗಬಾರದು. ಹಿಂದಿನ ಹಿಡಿಯ ಮೇಲಿನ ಲಾಕ್ ಒತ್ತದೆ ಆಕ್ಸಿಲರೇಟರ್ ಒತ್ತಲು ಬರಬಾರದು. ಚೈನ್ ತುಂಡಾದರೆ ಹಿಡಿಯುವ ಕೊಕ್ಕೆ ಬಾರಿನ ಬುಡದಲ್ಲಿ ಇದೆಯಾ ನೋಡಿ. ಹಿಡಿಗೂ ಎಂಜಿನ್ನಿಗೂ ನಡುವೆ ರಬ್ಬರೋ ಸ್ಪ್ರಿಂಗೋ ಇರಬೇಕು, ಇಲ್ಲದಿದ್ದರೆ ಒಂದು ಗಂಟೆ ಕೆಲಸಕ್ಕೆ ಬೆರಳು ಜೋಮು ಹಿಡಿಯುತ್ತದೆ, ವರ್ಷಗಟ್ಟಲೆ ಹೀಗೆ ಮಾಡಿದವರಿಗೆ ಬೆರಳಿನ ರಕ್ತ ಓಡಾಟವೇ ಕೆಡುತ್ತದೆ. ಆಮೇಲೆ ಸ್ಟಾರ್ಟ್ ಮಾಡಿಸಿ. ಐಡಲ್‌ನಲ್ಲಿ ಚೈನ್ ತಿರುಗಬಾರದು. ಬಾರಿನ ತುದಿಯನ್ನು ಒಂದು ರಟ್ಟಿನ ಕಡೆಗೆ ಹಿಡಿದು ರೇಸ್ ಮಾಡಿದರೆ ಆಯಿಲಿನ ಸಣ್ಣ ಗೆರೆ ಬೀಳಬೇಕು, ಬಿದ್ದರೆ ಪಂಪ್ ಸರಿ ಇದೆ ಅಂತ.

ಕೃಷಿ, ತೋಟಗಾರಿಕೆ ಇಲಾಖೆಯ ಯಾಂತ್ರೀಕರಣ ಸಬ್ಸಿಡಿ ಈ ವರ್ಷ ಚೈನ್‌ಸಾಗೆ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಮಾತು ಕೇಳಿ ಹೋಗಿ. ಆದರೆ ಸಬ್ಸಿಡಿ ಇದೆ ಅಂತ ಬೇಡದ ಮಾಡೆಲ್ ತರಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಎರಡು ಪರೀಕ್ಷೆ ಹೇಳುತ್ತೇನೆ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಅದು ಆರಿದ ಮೇಲೆ ಸೈಲೆನ್ಸರ್‌ನ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಬಿಡಿ, ಪಿಸ್ಟನ್ ಕಾಣುತ್ತದೆ. ನುಣ್ಣಗೆ ಇದ್ದರೆ ಸರಿ, ಉದ್ದುದ್ದ ಗೀರು ಇದ್ದರೆ ಯಾರೋ ಆಯಿಲ್ ಹಾಕದೆ ಓಡಿಸಿರಬಹುದು, ಅಲ್ಲಿಂದ ಎದ್ದು ಬನ್ನಿ.

ಪೆಟ್ರೋಲು, ಆಯಿಲು

ಇದು ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. 50:1 ಅಂದರೆ ಲೀಟರಿಗೆ 20 ಮಿಲಿ, 25:1 ಅಂದರೆ 40 ಮಿಲಿ. ಯಾವುದು ಅಂತ ಮೆಷಿನ್‌ನ ಪುಸ್ತಕ ಹೇಳುತ್ತದೆ, ಪಕ್ಕದ ಮನೆಯವರಲ್ಲ. ಬೇರೆ ಕ್ಯಾನಿನಲ್ಲಿ ಬೆರೆಸಿ ಕುಲುಕಿ ಹಾಕಿ, ಟ್ಯಾಂಕಿನಲ್ಲೇ ಬೆರೆಸಬೇಡಿ. ಆ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿ. ನಮ್ಮಲ್ಲಿ ಒಮ್ಮೆ ಕೆಲಸಕ್ಕೆ ಬಂದ ಹುಡುಗ ಬೈಕಿನ ಪೆಟ್ರೋಲ್ ಕ್ಯಾನಿನಿಂದ ತುಂಬಿಸಿ, ಅರ್ಧ ಟ್ಯಾಂಕು ಮುಗಿಯುವಷ್ಟರಲ್ಲಿ ಪಿಸ್ಟನ್ ಹಿಡಿದುಹೋಯಿತು. ತಪ್ಪು ಅವನದಲ್ಲ, ಎರಡೂ ಒಂದೇ ಥರದ ಕ್ಯಾನು ಪಕ್ಕ ಪಕ್ಕ ಇಟ್ಟವನು ನಾನು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಾರ್ಬುರೇಟರಿನ ತೆಳು ರಬ್ಬರ್ ಪೊರೆ, ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರಿಯುತ್ತವೆ. ಬಹಳ ಮೆಷಿನ್‌ಗಳ ಪುಸ್ತಕದಲ್ಲಿ ಶೇ. 10ಕ್ಕಿಂತ ಜಾಸ್ತಿ ಎಥೆನಾಲ್ ಬೇಡ ಅಂತ ಬರೆದಿರುತ್ತದೆ, ತಗೊಳ್ಳುವಾಗಲೇ ಇದನ್ನು ಕೇಳಿ, ಎಥೆನಾಲ್ ಇಲ್ಲದ ಅಥವಾ ಕಡಿಮೆ ಇರುವ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಇಲ್ಲದಿದ್ದರೆ ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ಆರುವ ತನಕ ಓಡಿಸಿ ಇಡಿ. ರಿಪೇರಿಗೆ ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವು ಈ ಒಂದು ಕೆಲಸ ಮಾಡದವು ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾರೆ.

ಚೈನಿಗೆ ಬೇರೆ ಆಯಿಲ್. ಟ್ರ್ಯಾಕ್ಟರಿನಿಂದ ಇಳಿಸಿದ ಕಪ್ಪು ವೇಸ್ಟ್ ಆಯಿಲ್ ಹಾಕುವ ಚಾಳಿ ನಮ್ಮಲ್ಲಿ ಜೋರಾಗಿದೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ, ಚೈನಿನಿಂದ ಸಿಡಿದು ನಿಮ್ಮ ಮೈಮೇಲೆ, ತೋಟದ ಮಣ್ಣಿಗೆ ಬೀಳುತ್ತದೆ. ಚೈನ್ ಆಯಿಲೇ ಹಾಕಿ, ಸಿಗದಿದ್ದರೆ ಹೊಸ ಎಂಜಿನ್ ಆಯಿಲ್. ಪೆಟ್ರೋಲ್ ಒಂದು ಟ್ಯಾಂಕ್ ಮುಗಿದಾಗ ಚೈನ್ ಆಯಿಲ್ ಕೂಡ ಹೆಚ್ಚುಕಡಿಮೆ ಮುಗಿದಿರಬೇಕು. ಹಾಗೇ ಉಳಿದಿದ್ದರೆ ಚೈನ್ ಒಣಗಿ ಓಡುತ್ತಿದೆ ಅಂತ.

ಮೈಗೆ ಹಾಕುವುದು

ಮೆಷಿನ್‌ಗೆ ಇಟ್ಟ ದುಡ್ಡಿನಲ್ಲಿ ಐದರಲ್ಲಿ ಒಂದು ಪಾಲು ಇದಕ್ಕೆ ತೆಗೆದಿಡಿ. ಅದಕ್ಕಾಗಿ ಒಂದು ಮೆಟ್ಟಿಲು ಚಿಕ್ಕ ಮೆಷಿನ್ ತಗೊಳ್ಳಬೇಕಾದರೂ ಸರಿ. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರದ ಮೇಲೆ ನಿಂತು ಕೊಯ್ಯುವವರನ್ನು ನೋಡಿ ನೋಡಿ ನಮಗೆ ಅದೇ ಸರಿ ಅನ್ನಿಸಿಬಿಟ್ಟಿದೆ. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಕಾಲಿಗೆ ತಾಗಿದರೆ ಅಯ್ಯೋ ಅನ್ನುವಷ್ಟು ಹೊತ್ತೂ ಸಿಗುವುದಿಲ್ಲ. ಕಾಲಿನ ಮುಂಭಾಗಕ್ಕೆ ಕಟ್ಟುವ ಚಾಪ್ಸ್ ಅಂತ ಬರುತ್ತದೆ, ಅದರೊಳಗಿನ ಉದ್ದ ನಾರು ಚೈನಿಗೆ ಸುತ್ತಿಕೊಂಡು ನಿಲ್ಲಿಸುತ್ತದೆ, ಅಡಿಕೆ ನಾರು ಮಾಡುವ ಅದೇ ಕಿತಾಪತಿ, ಇಲ್ಲಿ ನಮ್ಮ ಉಪಕಾರಕ್ಕೆ. ಜಾಲರಿ ಮುಖವಾಡ ಮತ್ತು ಕಿವಿ ಮುಚ್ಚುವ ಕಪ್‌ಗಳು ಸೇರಿದ ಹೆಲ್ಮೆಟ್ ಒಟ್ಟಿಗೇ ಸಿಗುತ್ತದೆ. ಸದ್ದು 100 ಡೆಸಿಬೆಲ್ ದಾಟುತ್ತದೆ, ಕಿವಿ ಹೋದರೆ ವಾಪಸ್ ಬರುವುದಿಲ್ಲ. ಗಟ್ಟಿ ಬೂಟು, ಗ್ಲೌಸ್.

ಇನ್ನು ಒದೆ. ಬಾರಿನ ತುದಿಯ ಮೇಲಿನ ಅರ್ಧ ಎಲ್ಲಾದರೂ ತಾಗಿದರೆ ಮೆಷಿನ್ ಮುಖದ ಕಡೆಗೆ ಎಗರುತ್ತದೆ. ಇದಕ್ಕೇ ಚೈನ್ ಬ್ರೇಕ್ ಇರುವುದು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಲಿ, ಮುಖ ಬಾರಿನ ನೇರಕ್ಕೆ ಬೇಡ, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ. ಕಡಿಮೆ ಒದೆಯುವ ಚೈನ್ ಅಂತಲೇ ಸಿಗುತ್ತದೆ, ಹೊಸಬರು ಅದನ್ನೇ ಕೇಳಿ ತಗೊಳ್ಳಿ.

ತಂದ ಮೇಲೆ

ಮೊದಲ ದಿನವೇ ಮರ ಉರುಳಿಸಲು ಹೋಗಬೇಡಿ. ಎರಡು ಜೊತೆ ಗೂಟವನ್ನು ಕತ್ತರಿಯಂತೆ ಅಡ್ಡ ಹೊಡೆದು, ಅದರ ಮೇಲೆ ಸಪೂರ ಕುಂಟೆ ಇಟ್ಟು ತುಂಡು ಮಾಡಿ ಅಭ್ಯಾಸ ಮಾಡಿ. ಹೊಸ ಚೈನ್ ಮೊದಲ ಒಂದು ಗಂಟೆಯಲ್ಲೇ ಸಡಿಲ ಆಗುತ್ತದೆ. ಆಗಾಗ ನಿಲ್ಲಿಸಿ, ಆರಲು ಬಿಟ್ಟು, ಬಿಗಿ ಮಾಡಿ. ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು, ಕೆಳಗೆ ಜೋತು ಬೀಳಬಾರದು. ಕುಂಟೆ ಎರಡೂ ತುದಿಯಲ್ಲಿ ಆತು ನಡುವೆ ತೂಗುತ್ತಿದ್ದರೆ ಮೇಲಿನಿಂದ ಪೂರ್ತಿ ಕೊಯ್ದಾಗ ಬಾರ್ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಬೆಣೆ ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ, ಕಬ್ಬಿಣದ್ದು ಚೈನಿಗೆ ತಾಗಿದರೆ ಹಲ್ಲು ಹೋಯಿತು.

ಮರ ಉರುಳಿಸುವುದನ್ನು ಬಲ್ಲವರ ಜೊತೆ ನಿಂತು ಕಲಿಯಬೇಕು, ಓದಿ ಬರುವುದಲ್ಲ. ಆದರೂ ಇದಿಷ್ಟು ತಲೆಯಲ್ಲಿರಲಿ. ಬೀಳುವ ಕಡೆಗೆ ದಪ್ಪದ ಕಾಲುಭಾಗದಷ್ಟು ಬಾಯಿ ತೆಗೆಯುತ್ತಾರೆ, ಹಿಂದಿನಿಂದ ಕೊಯ್ಯುವಾಗ ದಪ್ಪದ ಹತ್ತರಲ್ಲಿ ಒಂದು ಪಾಲು ಕೊಯ್ಯದೆ ಬಿಡುತ್ತಾರೆ. ಆ ಬಿಟ್ಟ ಪಟ್ಟಿಯೇ ಬಾಗಿಲಿನ ತಿರುಗಣಿಯಂತೆ ಮರವನ್ನು ಹಿಡಿದು ಮಲಗಿಸುವುದು, ಅದನ್ನೂ ಕೊಯ್ದರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಓಡಲು ಹಿಂದಕ್ಕೆ ಓರೆಯಾಗಿ ಎರಡು ದಾರಿ ಮೊದಲೇ ಸವರಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ. ಇನ್ನೊಂದು ಮರಕ್ಕೆ ಸಿಕ್ಕಿ ನಿಂತದ್ದು, ಒಳಗೆ ಪೊಟರೆ ಇರುವುದು, ಕರೆಂಟ್ ಲೈನಿನ ಹತ್ತಿರದ್ದು, ಈ ಮೂರಕ್ಕೆ ನಾನು ಈಗಲೂ ಕೈ ಹಾಕುವುದಿಲ್ಲ.

ಯಾವಾಗ ತಗೊಳ್ಳುವುದು ಅಂತ ಕೇಳಿದರೆ, ದೀಪಾವಳಿ ಕಳೆದ ಮೇಲೆ. ಜನವರಿ ಫೆಬ್ರವರಿಯಲ್ಲಿ ಕೊಯ್ದು ಸೀಳಿ ಬಿಸಿಲಿಗೆ ಹಾಕಿದ ಸೌದೆ ಮೇ ಹೊತ್ತಿಗೆ ಗಣಗಣ ಒಣಗಿ ಕೊಟ್ಟಿಗೆ ಸೇರುತ್ತದೆ. ಅಕೇಶಿಯಾವನ್ನು ಹಸಿಯಲ್ಲೇ ಸೀಳಿಬಿಡಿ, ಒಣಗಿದ ಮೇಲೆ ಕೊಡಲಿ ಇಳಿಯುವುದಿಲ್ಲ. ಮೇ ಕೊನೆಯಲ್ಲಿ ಮೋಡ ನೋಡಿ ಅಂಗಡಿಗೆ ಓಡಿದರೆ ಊರಿನವರೆಲ್ಲ ಅಲ್ಲೇ ಇರುತ್ತಾರೆ, ಬೇಕಾದ ಮಾಡೆಲ್ ಖಾಲಿ ಆಗಿರುತ್ತದೆ, ಉಳಿದಿರುವುದು ಆ 22 ಇಂಚಿನದು.